ಕಲಿಸುವವರಿಗೆ ಕಲಿಸಿದವರು: ಲಾರ್ಡ್ ಬೇಡನ್ ಪೊವೆಲ್

ಸ್ಕೌಟು ಚಳವಳಿಯ ಸಂಸ್ಥಾಪಕರಾದ ಲಾರ್ಡ್ ಬೇಡನ್ ಪೊವೆಲ್ ಅವರ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಮ್ಯಾಫೆಕಿಂಗ್ ಮುತ್ತಿಗೆಯ ವೀರರೆಂದು ಕೆಲವರು ಅವರನ್ನು ಬಲ್ಲರು. ಮೂರು ಬೆರಳೆತ್ತಿ ವಂದಿಸುವ, ಎಡಗೈ ಕುಲುಕುವ ಬಾಲಕರ ಗುರುವೆಂದು ಹಲವರು ಬಲ್ಲರು. ಆದರೆ ಅವರ ಬಾಳಿನ ಉತ್ತರಾರ್ಧವನ್ನೆಲ್ಲ ಕಾಡಿದ ಚಿಂತೆಯೊಂದಿತ್ತು. ಅದು ಹುಡುಗರ ಚಿಂತೆಯಲ್ಲ, ದೊಡ್ಡವರ ಚಿಂತೆ. ಸಂಬಳವಿಲ್ಲದೆ, ತಮ್ಮ ದುಡಿಮೆ ಮುಗಿದ ಮೇಲೆ ಉಳಿದ ಹೊತ್ತನ್ನು ಪರರ ಮಕ್ಕಳಿಗೆ ಕೊಡಲು ಮುಂದೆ ಬಂದ ಹಿರಿಯರಿಗೆ ಯಾರು ಕಲಿಸಬೇಕು? ಅವರು ಎದೆಗುಂದಿ ಕುಳಿತಾಗ ಹೋಗಿ ವಿಚಾರಿಸುವವರು ಯಾರು? ಈ ಲೇಖನವು ಮುಖ್ಯವಾಗಿ ಆ ಭಾಗವನ್ನು ಕುರಿತದ್ದು.

ಇದನ್ನೇ ಆರಿಸಿಕೊಂಡದ್ದಕ್ಕೆ ಒಂದು ಸ್ವಂತ ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅದಕ್ಕೂ ಮೊದಲು, ಹಳ್ಳಿಯ ಹೈಸ್ಕೂಲಿನಲ್ಲಿ, ನಾನು ಎರಡು ವರ್ಷ ಸ್ಕೌಟಾಗಿದ್ದೆ. ನಮ್ಮ ಗಣಿತದ ಮೇಷ್ಟ್ರಿಗೆ ಒಂದು ದಿನ ಸೀಟಿಯನ್ನೂ ಸ್ಕಾರ್ಫನ್ನೂ ಕೊಟ್ಟು ದಳ ನಡೆಸಿರೆಂದು ಹೇಳಲಾಯಿತು. ಹೇಗೆ ನಡೆಸಬೇಕೆಂದು ಯಾರೂ ಹೇಳಲಿಲ್ಲ. ಅವರು ರಾತ್ರಿಯ ಹೊತ್ತು ಪುಸ್ತಕವನ್ನು ತೆರೆದಿಟ್ಟುಕೊಂಡು, ಬಾವಿಯ ಹಗ್ಗದಲ್ಲಿ ಗಂಟು ಹಾಕಲು ಕಲಿತು, ಬೆಳಿಗ್ಗೆ ನಮಗೆ ಕಲಿಸುತ್ತಿದ್ದರು. ಆ ಎರಡು ವರ್ಷಗಳಲ್ಲಿ ಒಮ್ಮೆ ಮಾತ್ರ ಒಬ್ಬ ನಿವೃತ್ತರು, ಸ್ಕೌಟು ಕಮಿಷನರಂತೆ, ಬಸ್ಸಿನಲ್ಲಿ ಬಂದಿಳಿದರು. ನಾವು ಸಾಲುಗಟ್ಟಿ ನಿಂತು ಹೆದರಿದ್ದೆವು. ಅವರು ನಮ್ಮನ್ನು ಆಟಕ್ಕೆ ಬಿಟ್ಟು, ಹೊಂಗೆಯ ಮರದ ಕೆಳಗೆ ಮೇಷ್ಟ್ರ ಜೊತೆ ಒಂದು ಗಂಟೆ ಕುಳಿತು ಮಾತಾಡಿ ಹೋದರು. ಅಂದಿನಿಂದ ಮೇಷ್ಟ್ರ ನಡೆಯೇ ಬದಲಾಯಿತು. ಮುಂದೆ ಮೇಷ್ಟ್ರಿಗೆ ವರ್ಗವಾಯಿತು; ದಳವನ್ನು ಕೇಳುವವರಿಲ್ಲದೆ ತಿಂಗಳೊಳಗೆ ನಿಂತುಹೋಯಿತು. ಆ ಒಂದು ಗಂಟೆಯಲ್ಲಿ ಏನಾಯಿತೆಂಬ ಕುತೂಹಲವೇ ನನ್ನನ್ನು ಪೊವೆಲರ ಚರಿತ್ರೆಯ ಕಡೆಗೆ ಎಳೆದದ್ದು.

ರಾಬರ್ಟ್ ಸ್ಟೀಫನ್‌ಸನ್ ಸ್ಮಿತ್ ಬೇಡನ್ ಪೊವೆಲರು ೧೮೫೭ನೆಯ ಫೆಬ್ರವರಿ ೨೨ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಮಗನಿಗೆ ಮೂರು ವರ್ಷವಾದಾಗ ಅವರು ತೀರಿಕೊಂಡರು. ದೊಡ್ಡ ಸಂಸಾರವನ್ನು ತಾಯಿ ಹೆನ್ರಿಯೆಟಾ ಗ್ರೇಸ್ ಸಾಕಿದರು. ಚಾರ್ಟರ್‌ಹೌಸ್ ಶಾಲೆಯಲ್ಲಿ ಬಾಲಕನ ಆಸಕ್ತಿ ಪಾಠಕ್ಕಿಂತ ಶಾಲೆಯ ಮಗ್ಗುಲಿನ ತೋಪಿನಲ್ಲಿ ಹೆಚ್ಚು. ಮೇಷ್ಟ್ರುಗಳ ಕಣ್ಣಿಗೆ ಬೀಳದೆ ಅಲ್ಲಿ ಅಡಗುವುದು, ಹೊಗೆ ಕಾಣದಂತೆ ಬೆಂಕಿ ಹೊತ್ತಿಸುವುದು, ಇವೇ ಅವನ ಅಭ್ಯಾಸಗಳು. ತಂದೆ ಪಾಠ ಹೇಳಿದ ಆಕ್ಸ್‌ಫರ್ಡಿನಲ್ಲಿ ಮಗನಿಗೆ ಪ್ರವೇಶ ದೊರೆಯಲಿಲ್ಲ. ಪರೀಕ್ಷೆಯಲ್ಲಿ ಮುಗ್ಗರಿಸಿದ ನಮ್ಮಂಥವರಿಗೆ ಇದು ಸಮಾಧಾನದ ಸಂಗತಿಯೇ ಸರಿ. ಆದರೆ ಕೂಡಲೇ ನಡೆದ ಸೈನ್ಯದ ಪರೀಕ್ಷೆಯಲ್ಲಿ ಅಶ್ವದಳದ ಪಟ್ಟಿಯಲ್ಲಿ ಅವರಿಗೆ ಎರಡನೆಯ ಸ್ಥಾನ ಬಂದಿತೆಂಬುದನ್ನೂ ಜೊತೆಗೇ ನೆನೆಯಬೇಕಾಗುತ್ತದೆ.

೧೮೭೬ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ೧೩ನೆಯ ಹುಸ್ಸಾರ್ ದಳವನ್ನು ಸೇರಲು ಲಕ್ನೋ ನಗರಕ್ಕೆ ಬಂದರು. ಚಿತ್ರ ಬರೆಯುವುದು, ನಾಟಕವಾಡುವುದು, ಕುದುರೆ ಸವಾರಿ, ಇವುಗಳಲ್ಲಿ ಎಷ್ಟು ಪ್ರೀತಿಯೋ ಶತ್ರುವಿನ ಹೆಜ್ಜೆ ಹುಡುಕುವ ಬೇಹಿನ ವಿದ್ಯೆಯಲ್ಲಿಯೂ ಅಷ್ಟೇ ಪ್ರೀತಿ. ಆಫ್ರಿಕದ ದಂಡಯಾತ್ರೆಗಳು ಮುಗಿದು ೧೮೯೭ರಲ್ಲಿ ೫ನೆಯ ಡ್ರಗೂನ್ ಗಾರ್ಡ್ಸ್ ದಳದ ನಾಯಕರಾಗಿ ಮೀರತ್ತಿಗೆ ಬಂದಾಗ ಈ ವಿದ್ಯೆಯನ್ನು ಸಿಪಾಯಿಗಳಿಗೆ ಕಲಿಸಲು ಅವರು ಹೊಸ ಮಾರ್ಗವೊಂದನ್ನು ಹಿಡಿದರು. ನೂರಾರು ಜನರನ್ನು ನಿಲ್ಲಿಸಿ ಕೂಗುವ ಬದಲು ಕೆಲವೇ ಜನರ ಸಣ್ಣ ಗುಂಪುಗಳನ್ನು ಮಾಡಿ, ಪ್ರತಿ ಗುಂಪಿಗೂ ಒಬ್ಬನನ್ನು ಹೊಣೆಗಾರನನ್ನಾಗಿ ಮಾಡಿದರು. ಕೆಲಸ ಕಲಿತವನಿಗೆ ಬಾಣದ ತುದಿಯಂಥ ಒಂದು ಬಿಲ್ಲೆಯನ್ನು ಕೊಟ್ಟರು. ಹೊಣೆ ಕೊಟ್ಟರೆ ಮನುಷ್ಯ ಬೆಳೆಯುತ್ತಾನೆಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಆ ದಿನಗಳಲ್ಲಿಯೇ ಎಂದು ತೋರುತ್ತದೆ.

ಮ್ಯಾಫೆಕಿಂಗಿನ ಕಥೆ ಪ್ರಸಿದ್ಧವಾದದ್ದು, ಇಲ್ಲಿ ವಿಸ್ತರಿಸುವುದಿಲ್ಲ. ದಕ್ಷಿಣ ಆಫ್ರಿಕದ ಆ ಪುಟ್ಟ ಊರನ್ನು ಬೋಯರರ ಮುತ್ತಿಗೆಯಿಂದ ೨೧೭ ದಿನ ಕಾಪಾಡಿ, ೧೯೦೦ನೆಯ ಮೇ ೧೭ರಂದು ಬಿಡುಗಡೆಯಾದಾಗ ಇಂಗ್ಲೆಂಡೆಲ್ಲ ಹುಚ್ಚೆದ್ದು ಕುಣಿಯಿತು. ಅವರು ೪೩ನೆಯ ವಯಸ್ಸಿಗೇ ಮೇಜರ್ ಜನರಲ್ ಆದರು. ಮುತ್ತಿಗೆಯ ಕಾಲದಲ್ಲಿ ಆಹಾರದ ಹಂಚಿಕೆಯಲ್ಲಿ ಅಲ್ಲಿನ ಕರಿಯ ಜನರಿಗೆ ಅನ್ಯಾಯವಾಯಿತೆಂದು ಇತಿಹಾಸಕಾರರು ಆಕ್ಷೇಪಿಸಿರುವುದನ್ನೂ ಹೇಳದೆ ಬಿಡಬಾರದು. ನಮ್ಮ ಕಥೆಗೆ ಬೇಕಾದದ್ದು ಇಷ್ಟು: ಅಲ್ಲಿ ಸಮವಸ್ತ್ರ ತೊಟ್ಟ ಬಾಲಕರು ಸುದ್ದಿ ಒಯ್ಯುವ ಕೆಲಸವನ್ನು ಧೈರ್ಯದಿಂದ ಮಾಡಿದ್ದನ್ನು ಪೊವೆಲರು ಕಂಡು ಮೆಚ್ಚಿದ್ದರು.

೧೯೦೭ನೆಯ ಆಗಸ್ಟ್ ಮೊದಲ ವಾರ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಯಿತು. ಶ್ರೀಮಂತರ ಶಾಲೆಗಳ ಮಕ್ಕಳೂ ಕೂಲಿಕಾರರ ಮಕ್ಕಳೂ ಒಂದೇ ಡೇರೆಗಳಲ್ಲಿ ಮಲಗಿದರು. ತೋಳ, ಗೂಳಿ, ಕಾಗೆ, ಕಡಲಹಕ್ಕಿ ಎಂದು ನಾಲ್ಕು ಪಡೆಗಳು. ಪ್ರತಿ ಪಡೆಗೂ ಹುಡುಗರಲ್ಲಿಯೇ ಒಬ್ಬ ನಾಯಕ. ಮೀರತ್ತಿನ ಪಾಠವೇ ಇಲ್ಲಿ ಮಕ್ಕಳ ಪಾಠವಾಯಿತು. ಮರುವರ್ಷ ಜನವರಿಯಿಂದ ಅವರ ಪುಸ್ತಕ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಹೊರಬಂದಿತು.

ತೊಡಕು ಪ್ರಾರಂಭವಾದದ್ದು ಇಲ್ಲಿಂದಲೇ. ಪೊವೆಲರು ಹೊಸ ಸಂಸ್ಥೆಯೊಂದನ್ನು ಕಟ್ಟಬೇಕೆಂದು ಹೊರಟವರಲ್ಲ. ಆಗಲೇ ಇದ್ದ ಬಾಲಕರ ಸಂಘಗಳು ತಮ್ಮ ಪುಸ್ತಕವನ್ನು ಬಳಸಿಕೊಂಡರೆ ಸಾಕೆಂದಿದ್ದರು. ಆದರೆ ಹುಡುಗರು ಕಾಯಲಿಲ್ಲ. ಕಂತುಗಳನ್ನು ಕೊಂಡು ಓದಿ, ತಾವೇ ಪಡೆ ಕಟ್ಟಿಕೊಂಡು, ಕೋಲು ಹಿಡಿದು ಕಾಡಿಗೆ ಹೊರಟುಬಿಟ್ಟರು. ೧೯೧೦ರ ವೇಳೆಗೆ ಬ್ರಿಟನ್ನಿನಲ್ಲಿಯೇ ಒಂದು ಲಕ್ಷಕ್ಕೂ ಮೀರಿ ಸ್ಕೌಟುಗಳಾದರು. ಅವರನ್ನು ನಡೆಸುವ ಹಿರಿಯರು ಎಲ್ಲಿ? ಗುಮಾಸ್ತರು, ಉಪಾಧ್ಯಾಯರು, ಪಾದ್ರಿಗಳು, ಅಂಗಡಿಯವರು, ಹೀಗೆ ಸಿಕ್ಕಿದವರನ್ನೆಲ್ಲ ಹುಡುಗರೇ ಹೋಗಿ ಎಳೆದು ತಂದರು. ಅವರಲ್ಲಿ ಸತ್ಪುರುಷರಿದ್ದರು, ಅಯೋಗ್ಯರೂ ಇದ್ದರು. ವಿದ್ಯೆ ಬಲ್ಲವರಂತೂ ಬಹು ಸ್ವಲ್ಪ. ಊರೂರಿನ ಸಮಿತಿಗಳು ಈ ಹೊರೆಯನ್ನು ಹೊರಲಾರವೆಂಬುದು ಬೇಗನೆ ಸ್ಪಷ್ಟವಾಯಿತು.

ಆಗ ಹುಟ್ಟಿದ್ದು ಕಮಿಷನರ್ ಎಂಬ ಪದವಿ. ಕಮಿಷನರ್ ಎಂದೊಡನೆ ನಮಗೆ ಪೊಲೀಸಿನವರೋ ನಗರಸಭೆಯವರೋ ಜ್ಞಾಪಕಕ್ಕೆ ಬರುವುದು ಸಹಜ. ಇವರು ಹಾಗಲ್ಲ. ಸಂಬಳವಿಲ್ಲ, ಕಚೇರಿಯಿಲ್ಲ; ದಾರಿಯ ಖರ್ಚನ್ನೂ ಅನೇಕರು ಕೈಯಿಂದಲೇ ಹಾಕಿಕೊಳ್ಳುತ್ತಿದ್ದರು. ಕೌಂಟಿಗೊಬ್ಬರು, ಅವರ ಕೆಳಗೆ ಜಿಲ್ಲೆಗೊಬ್ಬರು. ದಳ ನಡೆಸಲು ಮುಂದೆ ಬಂದವರು ಯೋಗ್ಯರೋ ಅಲ್ಲವೋ ಎಂದು ನೋಡಿ ವಾರಂಟಿಗೆ ಶಿಫಾರಸು ಮಾಡುವುದು (ಹೆದರಬೇಡಿ, ಇದು ಹಿಡಿದೊಯ್ಯುವ ವಾರಂಟಲ್ಲ, ನೇಮಕದ ಪತ್ರ), ದಳಗಳನ್ನು ಕಂಡು ಬರುವುದು, ಜಗಳ ಬಂದರೆ ತೀರಿಸುವುದು, ಇವು ಅವರ ಕೆಲಸ. ಕೇಂದ್ರದಲ್ಲಿ ಮುಖ್ಯ ಕಮಿಷನರಾಗಿ ಸರ್ ಎಡ್ಮಂಡ್ ಎಲ್ಲಿಸ್ ಎಂಬ, ಭಾರತದಲ್ಲಿ ಬಹುಕಾಲ ಇದ್ದ ಸೇನಾಪತಿಗಳು ಬಂದರು. ಕೌಂಟಿಗಳಲ್ಲಿ ನಿವೃತ್ತ ಸೇನಾಧಿಕಾರಿಗಳೂ ಜಮೀನುದಾರರೂ ಹೆಚ್ಚಾಗಿ ತುಂಬಿಕೊಂಡರು. ಬಿಡುವು ಇದ್ದವರು ಅವರೇ ಅಲ್ಲವೆ! ಆದರೆ ಜೀವಮಾನವೆಲ್ಲ ಆಜ್ಞೆ ಕೊಟ್ಟವರಿಗೆ, ಕೂಲಿಯಿಲ್ಲದೆ ದುಡಿಯುವ ಗುಮಾಸ್ತನೊಬ್ಬನ ಮನಸ್ಸನ್ನು ಅರಿತು ನಡೆಯುವುದು ಸುಲಭವೆ?

೧೯೦೯ರಲ್ಲಿಯೇ ಇದರ ಪರೀಕ್ಷೆ ನಡೆದುಹೋಯಿತು. ಲಂಡನ್ನಿನ ಕಮಿಷನರಾಗಿದ್ದ ಸರ್ ಫ್ರಾನ್ಸಿಸ್ ವೇನ್ ಎಂಬುವರು ಸ್ವತಃ ಸೈನಿಕರಾಗಿದ್ದರೂ ಸ್ಕೌಟುಗಳಲ್ಲಿ ಸೈನ್ಯದ ವಾಸನೆ ಇರಬಾರದೆಂಬ ಅಭಿಪ್ರಾಯದವರು. ದಳ ನಡೆಸುವ ಮಾಸ್ಟರುಗಳ ಮಾತಿಗೂ ಆಡಳಿತದಲ್ಲಿ ಬೆಲೆ ಇರಬೇಕೆಂದು ವಾದಿಸಿದವರು. ಕೇಂದ್ರದವರಿಗೂ ಅವರಿಗೂ ಸರಿಬೀಳಲಿಲ್ಲ. ಅವರ ಪದವಿಯನ್ನೇ ತೆಗೆದುಹಾಕಲಾಯಿತು. ಲಂಡನ್ನಿನ ಮಾಸ್ಟರುಗಳು ಸಭೆ ಸೇರಿ ವೇನರ ಪಕ್ಷ ವಹಿಸಿದರೂ ಪೊವೆಲರು ಜಗ್ಗಲಿಲ್ಲ. ವೇನರು ಬೇರೊಂದು ಸ್ಕೌಟು ಸಂಘದ ಮುಖಂಡರಾಗಿ, ಅದಕ್ಕೆ ತಮ್ಮ ಹಣವನ್ನೆಲ್ಲ ಸುರಿದು ಕೊನೆಗೆ ದಿವಾಳಿಯಾದರು. ಈ ಪ್ರಕರಣದಲ್ಲಿ ಪೊವೆಲರು ದೊಡ್ಡತನ ತೋರಿದರೆಂದು ನನಗೆ ಅನ್ನಿಸುವುದಿಲ್ಲ. ಮಾಸ್ಟರುಗಳ ಬಳಿ ಇದ್ದು ಅವರ ವಿಶ್ವಾಸ ಗಳಿಸಿದ್ದ ಕಮಿಷನರೊಬ್ಬರನ್ನು ಕಳೆದುಕೊಂಡದ್ದು ಚಳವಳಿಗೆ ನಷ್ಟವೇ. ಆದರೆ ಮುಂದಿನ ಹತ್ತು ವರ್ಷ ಅವರು ಮಾಡಿದ ಕೆಲಸವನ್ನು ನೋಡಿದರೆ, ಹಿರಿಯರನ್ನು ನೇಮಿಸಿದರೆ ಸಾಲದು, ಸಿದ್ಧಗೊಳಿಸಬೇಕು ಎಂಬ ಮಾತು ಅವರ ಮನಸ್ಸಿಗೆ ನಾಟಿತ್ತೆಂದು ಧಾರಾಳವಾಗಿ ಹೇಳಬಹುದು.

ಮಾಸ್ಟರುಗಳಿಗಾಗಿಯೇ ಒಂದು ಪತ್ರಿಕೆ ೧೯೦೯ರಲ್ಲಿಯೇ ಹೊರಟಿತ್ತು. ೧೯೧೦ರಲ್ಲಿ ಪೊವೆಲರು ಸೈನ್ಯವನ್ನು ಬಿಟ್ಟರು. ಲಂಡನ್ನಿನಲ್ಲಿ, ಯಾರ್ಕ್‌ಷೈರಿನಲ್ಲಿ ಉಪನ್ಯಾಸಗಳು ನಡೆದವು. ೧೯೧೨ರ ಆಗಸ್ಟ್ ೪ರಂದು ಲೇಸ್‌ಡೌನ್ ಎಂಬಲ್ಲಿಗೆ ಶಿಬಿರಕ್ಕೆ ಹೊರಟಿದ್ದ ಲಂಡನ್ನಿನ ಬಡ ಹುಡುಗರ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿ ಒಂಬತ್ತು ಬಾಲಕರು ನೀರುಪಾಲಾದರು. ಜೊತೆಗಿದ್ದ ತರುಣ ಮಾಸ್ಟರು ಮಕ್ಕಳನ್ನು ಉಳಿಸಲು ಪ್ರಾಣದ ಹಂಗು ತೊರೆದು ಹೆಣಗಿದರು. ತಪ್ಪು ಯಾರದೂ ಅಲ್ಲದಿರಬಹುದು. ಆದರೂ ಪರರ ಮಕ್ಕಳನ್ನು ಕರೆದೊಯ್ಯುವವರ ಹೆಗಲ ಮೇಲಿನ ಭಾರ ಎಂಥದೆಂದು ನಾಡಿಗೆಲ್ಲ ತಿಳಿಯಿತು. ೧೯೧೪ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡಿಗೆ ಕೈಹಾಕುವಷ್ಟರಲ್ಲಿ ಮಹಾಯುದ್ಧ ಬಂದು ಎಲ್ಲವೂ ನಿಂತಿತು. ಮಾಸ್ಟರುಗಳು ರಣರಂಗಕ್ಕೆ ಹೋದರು; ಬಹು ಮಂದಿ ಹಿಂದಿರುಗಲಿಲ್ಲ.

ಇದೇ ಕಾಲದಲ್ಲಿ ಪೊವೆಲರ ಮನೆಯೊಳಗೇ ಒಂದು ಪ್ರಯೋಗ ನಡೆಯಿತೆನ್ನಬಹುದು. ೧೯೧೨ರಲ್ಲಿ ಅವರು ವರಿಸಿದ ಆಲೆವ್ ಸೋಮ್ಸ್ ಅವರಿಗೆ ಆಗ ೨೩ ವರ್ಷ, ಇವರಿಗೆ ೫೫. ಬಾಲಕಿಯರ ಗೈಡು ಸಂಘದ ಕೆಲಸಕ್ಕೆ ಬರುತ್ತೇನೆಂದು ಆಕೆ ೧೯೧೪ರಲ್ಲಿ ಕೇಳಿದಾಗ ಅಲ್ಲಿನ ಹಿರಿಯ ಮಹಿಳೆಯರು ಬೇಡವೆಂದುಬಿಟ್ಟರು. ೧೯೧೬ರಲ್ಲಿ ಆಕೆ ಸಸೆಕ್ಸ್ ಕೌಂಟಿಯ ಕಮಿಷನರಾದರು. ಊರೂರಿಗೂ ಹೋಗಿ, ತಕ್ಕ ಹೆಂಗಸರನ್ನು ಹುಡುಕಿ, ಜಿಲ್ಲೆಗೊಬ್ಬರಂತೆ ಕಮಿಷನರುಗಳನ್ನು ಒಪ್ಪಿಸಿ ನಿಲ್ಲಿಸಿದರು. ಕೆಲವೇ ತಿಂಗಳಲ್ಲಿ ಇಡೀ ದೇಶಕ್ಕೆ ಮುಖ್ಯ ಕಮಿಷನರೂ, ೧೯೧೮ರಲ್ಲಿ ಮುಖ್ಯ ಗೈಡೂ ಆದರು. ಆಕೆಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ ನಿಜ. ಆದರೆ ಕೇಳಿದ್ದಕ್ಕೆ ಉತ್ತರ ಹೇಳುವವರು ಪಕ್ಕದ ಕುರ್ಚಿಯಲ್ಲಿಯೇ ಇದ್ದರು. ಎಲ್ಲ ಕಮಿಷನರುಗಳಿಗೂ ಆ ಭಾಗ್ಯ ಎಲ್ಲಿಂದ ಬರಬೇಕು?

ಯುದ್ಧ ಮುಗಿಯುತ್ತಲೂ ಅದಕ್ಕೊಂದು ಉಪಾಯ ಕೂಡಿಬಂತು. ಕೂಡಿಸಿದವರು ಒಬ್ಬ ಜಿಲ್ಲಾ ಕಮಿಷನರೇ. ಸ್ಕಾಟ್ಲೆಂಡಿನ ವಿಲಿಯಂ ಡಿ ಬೋಯಿಸ್ ಮೆಕ್‌ಲಾರೆನ್ ಎಂಬ ವರ್ತಕರು ಕೆಲಸದ ಮೇಲೆ ಲಂಡನ್ನಿಗೆ ಬಂದಾಗ ಅಲ್ಲಿನ ಪೂರ್ವಭಾಗದ ಬಡ ಸ್ಕೌಟುಗಳಿಗೆ ಡೇರೆ ಹಾಕಲು ಒಂದಂಗುಲ ನೆಲವಿಲ್ಲದ್ದನ್ನು ಕಂಡು ಮರುಗಿದರು. ಭೂಮಿ ಕೊಳ್ಳಲು ೭೦೦೦ ಪೌಂಡು ಕೊಡುತ್ತೇನೆಂದರು. ಮಕ್ಕಳಿಗೆ ಶಿಬಿರದ ಜಾಗ ಬೇಕೆಂಬುದು ಅವರ ಆಸೆ. ಅದೇ ಜಾಗದಲ್ಲಿ ದೊಡ್ಡವರಿಗೂ ಶಿಬಿರ ನಡೆಯಲೆಂಬುದು ಪೊವೆಲರ ಆಸೆ. ಎಪ್ಪಿಂಗ್ ಕಾಡಿನ ಅಂಚಿನ ಗಿಲ್‌ವೆಲ್ ಎಂಬ ಪಾಳುಬಿದ್ದ ತೋಟ ದೊರೆಯಿತು. ೧೯೧೯ರ ಈಸ್ಟರ್ ಹಬ್ಬಕ್ಕೆ ಬಂದ ರೋವರ್ ತರುಣರು ಮಳೆಯಲ್ಲಿ ಡೇರೆ ಹೂಡಲಾಗದೆ ತೋಟಗಾರನ ಗುಡಿಸಲೊಂದರಲ್ಲಿ ಮಲಗಿ, ಅದಕ್ಕೆ ಹಂದಿಗೂಡೆಂದು ಹೆಸರಿಟ್ಟು, ಮುಳ್ಳು ಕಡಿದು ಜಾಗ ಹಸನು ಮಾಡಿದರು. ಮೆಕ್‌ಲಾರೆನ್ನರು ಮನೆಯ ದುರಸ್ತಿಗೆ ಇನ್ನೂ ೩೦೦೦ ಪೌಂಡು ಕೊಟ್ಟರು. ೧೯೧೯ನೆಯ ಜುಲೈ ೨೬ರಂದು ಗಿಲ್‌ವೆಲ್ ತೆರೆಯಿತು.

ಸೆಪ್ಟೆಂಬರ್ ೮ರಿಂದ ೧೯ರವರೆಗೆ ಮೊದಲ ತರಬೇತಿ. ಶಿಬಿರದ ಮುಖ್ಯಸ್ಥರು ಫ್ರಾನ್ಸಿಸ್ ಗಿಡ್ನಿ. ಈ ತರಬೇತಿಯ ರೀತಿಯೇ ಬೇರೆ. ಮೀಸೆ ನರೆತ ದೊಡ್ಡ ಮನುಷ್ಯರನ್ನು ಬೆಂಚಿನ ಮೇಲೆ ಕೂರಿಸಿ ಉಪನ್ಯಾಸ ಕೊಡಲಿಲ್ಲ. ಅವರನ್ನು ಹುಡುಗರಂತೆಯೇ ಪಡೆಗಳಾಗಿ ವಿಂಗಡಿಸಿದರು. ತಾವೇ ಕಟ್ಟಿಗೆ ಒಡೆದು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಅನ್ನ ಬೇಯಿಸಿ, ಸರದಿಯ ಮೇಲೆ ನಾಯಕರೂ ಹಿಂಬಾಲಕರೂ ಆಗಿ ಹನ್ನೆರಡು ದಿನ ಕಳೆದರು. ಮಕ್ಕಳಿಗೆ ಏನು ಕಷ್ಟವೆಂದು ಹೇಳಿ ತಿಳಿಸುವ ಅಗತ್ಯವೇ ಉಳಿಯಲಿಲ್ಲ. ಕಲಿತವರಿಗೆ ಪ್ರಮಾಣಪತ್ರಕ್ಕೆ ಬದಲಾಗಿ ದಾರದಲ್ಲಿ ಕೋದ ಎರಡು ಮರದ ಮಣಿಗಳು. ದಕ್ಷಿಣ ಆಫ್ರಿಕದಿಂದ ಪೊವೆಲರು ತಂದಿದ್ದ, ಜುಲು ದೊರೆ ದಿನುಜುಲುವಿನದೆಂದು ಹೇಳಲಾಗುವ ಸರದ ಮಣಿಗಳವು. ಸೋತ ದೊರೆಯ ಸರ ಗೆದ್ದವರ ಕೈಗೆ ಹೇಗೆ ಬಂದಿತೆಂಬುದನ್ನು ನೆನೆದರೆ ಮನಸ್ಸಿಗೆ ಅಷ್ಟು ಹಿತವಾಗುವುದಿಲ್ಲ. ಇದೇ ವುಡ್ ಬ್ಯಾಡ್ಜ್ ಎಂದು ಲೋಕಪ್ರಸಿದ್ಧವಾಯಿತು. ಅದನ್ನು ಪಡೆದವರ ಸ್ಕಾರ್ಫಿನ ಹಿಂದೆ ಮೆಕ್‌ಲಾರೆನ್ ಮನೆತನದ ಚೌಕಳಿ ಬಟ್ಟೆಯ ಒಂದು ತುಂಡು ಇರುತ್ತದೆ. ಕಮಿಷನರೊಬ್ಬರ ಋಣ ಹೀಗೆ ಬೆನ್ನ ಮೇಲೆಯೇ ಉಳಿಯಿತು.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಶಿಬಿರ ಮುಗಿದೊಡನೆ ಮಣಿ ಕೈಗೆ ಬರುತ್ತಿರಲಿಲ್ಲ. ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರೆಯಬೇಕು. ಊರಿಗೆ ಹೋಗಿ ಹಲವು ತಿಂಗಳು ದಳವನ್ನು ನಡೆಸಿ ತೋರಿಸಬೇಕು. ಅಲ್ಲಿ ಕಂಡು ಹೇಳಬೇಕಾದವರು ಕಮಿಷನರು. ಎಂದರೆ ತರಬೇತಿ ಎಂಬುದು ಹನ್ನೆರಡು ದಿನದ ಸಂತೆಯಾಗದೆ, ಒಬ್ಬರು ನಡೆಯುತ್ತಿರುವಾಗ ಇನ್ನೊಬ್ಬರು ಜೊತೆಯಲ್ಲಿ ಹೆಜ್ಜೆ ಹಾಕುವ ಕ್ರಮವಾಯಿತು. ಇದಕ್ಕೆ ಕಮಿಷನರಿಗೂ ಆ ವಿದ್ಯೆ ತಿಳಿದಿರಬೇಕಷ್ಟೆ. ಪೊವೆಲರ ಆಪ್ತರೂ ಕೇಂದ್ರದ ಕಮಿಷನರೂ ಆದ ಪರ್ಸಿ ಎವರೆಟ್ಟರು ತರಬೇತಿಯ ಹೊಣೆಗೆ ತಾವೇ ಹೆಗಲು ಕೊಟ್ಟರು. ಅವರಿಗೆ ಪೊವೆಲರು ಆರು ಮಣಿಗಳ ಸರವನ್ನು ಕೊಟ್ಟರು. ೧೯೨೩ರಲ್ಲಿ ಗಿಡ್ನಿಯವರ ಜಾಗಕ್ಕೆ ಬಂದವರು ಜೆ. ಎಸ್. ವಿಲ್ಸನ್. ಇವರು ಕಲ್ಕತ್ತೆಯಲ್ಲಿ ಪೊಲೀಸಿನ ದೊಡ್ಡ ಅಧಿಕಾರಿಗಳಾಗಿದ್ದು, ಅಲ್ಲಿಯೇ ಬಿಡುವಿನಲ್ಲಿ ಸ್ಕೌಟು ಕೆಲಸಕ್ಕೆ ಇಳಿದವರು. ನಿಜವಾದ ಪೊಲೀಸು ಕಮಿಷನರ ಕಚೇರಿಯಿಂದ ಈ ಸಂಬಳವಿಲ್ಲದ ಕಮಿಷನರುಗಳ ಲೋಕಕ್ಕೆ ಬಂದು, ಇಪ್ಪತ್ತು ವರ್ಷ ಗಿಲ್‌ವೆಲ್ಲನ್ನು ನಡೆಸಿದರು.

ನಮ್ಮ ನಾಡಿಗೆ ಸ್ಕೌಟು ಬಂದದ್ದು ಬಹು ಬೇಗ. ೧೯೦೯ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬುವರು ದಳ ಕಟ್ಟಿದರು. ಭಾರತದಲ್ಲಿಯೇ ಅದು ಮೊದಲನೆಯದು. ಆದರೆ ಅದರಲ್ಲಿ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಪ್ರವೇಶ. ಭಾರತೀಯ ಬಾಲಕರಿಗೆ ಈ ವಿದ್ಯೆ ಕಲಿಸಿದರೆ ಕ್ರಾಂತಿಕಾರರಾದಾರೆಂಬ ಭಯ ಸರ್ಕಾರಕ್ಕೆ. ಕಾಯದೆ ಕೂಡದೆ ಆನಿ ಬೆಸೆಂಟರು ಮದರಾಸಿನಲ್ಲಿ ಜಿ. ಎಸ್. ಅರುಂಡೇಲರ ಜೊತೆಗೂಡಿ ಭಾರತೀಯ ಬಾಲಕರ ಸಂಘವನ್ನು ಕಟ್ಟಿದರು; ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರ ಸೇವಾ ಸಮಿತಿಯ ಸ್ಕೌಟುಗಳು ಎದ್ದರು. ೧೯೨೧ರಲ್ಲಿ ಪೊವೆಲ್ ದಂಪತಿಗಳು ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಒಂದುಗೂಡಿತು. ಅವರನ್ನು ಭಾರತದ ಗೌರವ ಕಮಿಷನರನ್ನಾಗಿ ಮಾಡಲಾಯಿತು. ಸೇವಾ ಸಮಿತಿಯವರು ಹೊರಗೇ ಉಳಿದರು.

ಪೊವೆಲರು ಇನ್ನೊಮ್ಮೆ ಬಂದದ್ದು ೧೯೩೭ರ ದೆಹಲಿಯ ಜಾಂಬೊರಿಗೆ. ಆ ಭೇಟಿಯ ವೇಳೆ ಭಾರತೀಯರ ಶೀಲವನ್ನು ಕುರಿತು ಅವರು ಆಡಿದ್ದೆಂದು ಪತ್ರಿಕೆಗಳಲ್ಲಿ ಬಂದ ಮಾತು ದೇಶವನ್ನು ನೋಯಿಸಿತು. ಅವರ ಸಂಘದಲ್ಲಿ ವರ್ಷಾನುಗಟ್ಟಲೆ ದುಡಿದಿದ್ದ ಭಾರತೀಯರು ಅನೇಕರು ಹೊರಬಂದರು; ೧೯೩೮ರಲ್ಲಿ ಹಿಂದೂಸ್ಥಾನ್ ಸ್ಕೌಟ್ ಸಂಘ ರೂಪುಗೊಂಡಿತು. ಹಿರಿಯ ಸ್ವಯಂಸೇವಕನಿಗೆ ಕೊಡುವ ಸಂಬಳವೆಂದರೆ ಗೌರವವೊಂದೇ ಎಂದು ಬಾಳೆಲ್ಲ ನಡೆದು ತೋರಿಸಿದವರು ಇಲ್ಲಿ ಎಡವಿದರು. ಸ್ವಾತಂತ್ರ್ಯಾನಂತರ, ೧೯೫೦ನೆಯ ನವೆಂಬರ್ ೭ರಂದು ಒಡೆದ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸ್ಥಾಪಿತವಾಯಿತು. ಹೊರಗುಳಿದಿದ್ದ ಕುಂಜ್ರು ಅವರೇ ಅದರ ಮೊದಲ ರಾಷ್ಟ್ರೀಯ ಕಮಿಷನರಾದರು. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಅದರ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ಅಲ್ಲಿಯೂ ಮಣಿಗಳೇ, ಹಿಮಾಲಯ ವುಡ್ ಬ್ಯಾಡ್ಜ್ ಎಂದು ಹೆಸರು. ನಮ್ಮ ಗಣಿತದ ಮೇಷ್ಟ್ರು ವರ್ಗವಾಗಿ ಹೋದ ಊರಿನಲ್ಲಿ ತರಬೇತಿಗೆ ಕಳುಹಿಸಿಕೊಟ್ಟರಂತೆ. ಕಳೆದ ಬೇಸಗೆಯಲ್ಲಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಬಾವಿಯ ಹಗ್ಗದಲ್ಲಿ ತಾವು ಕಲಿಸಿದ ಒಂದು ಗಂಟು ತಪ್ಪಾಗಿತ್ತೆಂದು ನಕ್ಕು, ಅಲ್ಲಿಯೇ ನನ್ನ ಟವೆಲಿನಲ್ಲಿ ಸರಿಯಾದದ್ದನ್ನು ಹಾಕಿ ತೋರಿಸಿದರು.

೧೯೨೯ರಲ್ಲಿ ಇಂಗ್ಲೆಂಡಿನ ದೊರೆಗಳು ಪೊವೆಲರಿಗೆ ಲಾರ್ಡ್ ಪದವಿ ಕೊಟ್ಟರು. ಇಂಥ ಪದವಿಗೆ ಒಂದು ಸ್ಥಳದ ಹೆಸರನ್ನು ಸೇರಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಕೀರ್ತಿ ತಂದ ಮ್ಯಾಫೆಕಿಂಗನ್ನು ಅವರು ಆರಿಸಲಿಲ್ಲ. ಹುಡುಗರ ಮೊದಲ ಶಿಬಿರ ನಡೆದ ಬ್ರೌನ್‌ಸೀಯನ್ನೂ ಆರಿಸಲಿಲ್ಲ. ಗಿಲ್‌ವೆಲ್ಲಿನ ಲಾರ್ಡ್ ಬೇಡನ್ ಪೊವೆಲ್ ಆದರು. ೧೯೩೮ರಲ್ಲಿ ಆರೋಗ್ಯ ಕೆಟ್ಟು ಪತ್ನಿಯೊಡನೆ ಕೆನ್ಯಾದ ನ್ಯೇರಿ ಎಂಬ ಊರಿಗೆ ಹೋಗಿ ನೆಲಸಿದರು. ಅಲ್ಲಿಯೇ ೧೯೪೧ನೆಯ ಜನವರಿ ೮ರಂದು, ೮೪ ತುಂಬಲು ಕೆಲವು ವಾರಗಳಿದ್ದಾಗ, ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಒಂದು ವೃತ್ತವನ್ನೂ ಅದರ ನಡುವೆ ಒಂದು ಚುಕ್ಕೆಯನ್ನೂ ಕೆತ್ತಲಾಗಿದೆ. ದಾರಿ ಹುಡುಕುತ್ತ ಬರುವವರಿಗಾಗಿ ಸ್ಕೌಟುಗಳು ನೆಲದ ಮೇಲೆ ಬರೆದಿಡುವ ಗುರುತು ಅದು. ತಾನು ಮನೆಗೆ ಹೋದೆನೆಂದು ಅದರ ಅರ್ಥ.